ಚಂದ್ರನಿಗೆ ರಜಾ ಕೊಟ್ಟ ಅಕ್ಕೋರು

ಕನ್ನಡ ಕಲಿಸುವ ನಮ್ಮ ಅಕ್ಕೋರ ತರಗತಿಯಲ್ಲಿ ಚಂದ್ರನಿಗೂ ತಾವರೆಗೂ ಪ್ರವೇಶವಿರಲಿಲ್ಲ. ಶಾಲೆ ಶುರುವಾದ ಮೊದಲ ದಿನವೇ ಹತ್ತನೇ ತರಗತಿಯ ಕರಿಹಲಗೆಯ ಮೂಲೆಯಲ್ಲಿ 'ರಜೆಯ ಮೇಲೆ: ಚಂದ್ರ, ತಾವರೆ, ಕೋಗಿಲೆ, ನವಿಲು' ಎಂದು ಬರೆದು ಸುತ್ತ ಗೆರೆ ಎಳೆಯುತ್ತಿದ್ದರು. ವರ್ಷವಿಡೀ ಅದನ್ನು ಯಾರೂ ಒರೆಸುವಂತಿರಲಿಲ್ಲ.

"ಈ ನಾಲ್ಕೂ ಮಂದಿ ಕವಿಗಳ ಮನ್ಯಾಗ ದುಡದು ದುಡದು ದಣದಾರವಾ. ನೀವು ಹೊಸಬರನ್ನ ಕರಕೊಂಡು ಬರ್ರಿ," ಎಂದು ಹುಡುಗಿಯರಿಗೆ ಹೇಳುತ್ತಿದ್ದರು.

ನಾನು ಆ ಹುಡುಗಿಯರಲ್ಲಿ ಒಬ್ಬಳಲ್ಲ. ಗಬ್ಬೂರಿನ ಹತ್ತಿರದ ಒಂದು ಹುಡುಗಿಯರ ಹೈಸ್ಕೂಲಿನಲ್ಲಿ ಬಿಸಿಯೂಟ ಮಾಡುತ್ತಿದ್ದವಳು. ಓದಿದ್ದು ತವರೂರು ಬಾಗಲವಾಡದಲ್ಲಿ ನಾಲ್ಕನೇ ಇಯತ್ತೆಯವರೆಗೆ. ಆಮೇಲೆ ಹೊಲದ ಕೂಲಿ, ಮದುವೆ, ಮಕ್ಕಳು, ಮತ್ತೆ ಕೂಲಿ, ಕೊನೆಗೆ ಶಾಲೆಯ ಒಲೆ. ಅಡುಗೆಕೋಣೆಗೂ ಹತ್ತನೇ ತರಗತಿಗೂ ನಡುವೆ ಒಂದೇ ಗೋಡೆ, ಆ ಗೋಡೆಯಲ್ಲಿ ಸರಳಿನ ಕಿಟಕಿ. ಈ ಕಡೆಯಿಂದ ಸಾರಿನ ವಾಸನೆ ಆ ಕಡೆಗೆ ಹೋಗುತ್ತಿತ್ತು, ಆ ಕಡೆಯಿಂದ ಉಪಮೆ, ರೂಪಕ, ಷಟ್ಪದಿ ಈ ಕಡೆಗೆ ಬರುತ್ತಿದ್ದವು. ಹನ್ನೊಂದು ವರ್ಷ ಹೀಗೇ ನಡೆಯಿತು.

ನಮ್ಮ ಪರಿಚಯವಾದದ್ದೂ ಆ ಕಿಟಕಿಯಲ್ಲೇ. ಅಕ್ಕೋರು ಆ ಶಾಲೆಗೆ ಬಂದ ಮೊದಲ ವಾರ. ಉಪಮೆಗೆ ಒಂದು ಉದಾಹರಣೆ ಕೊಡಿ ಎಂದರು. ನಲವತ್ತು ಹುಡುಗಿಯರು ತುಟಿ ಹೊಲಿದುಕೊಂಡು ಕೂತರು. ಚಂದ್ರ ಇಲ್ಲ, ತಾವರೆ ಇಲ್ಲ, ಪಾಪ, ಏನು ಹೇಳಬೇಕು ಅವು? ನನಗೆ ತಡೆಯಲಾಗಲಿಲ್ಲ. ಸೌಟು ಹಿಡಿದುಕೊಂಡೇ ಸರಳಿಗೆ ಮುಖ ಇಟ್ಟೆ.

"ನಮ್ಮ ಹೆಡ್‌ಮಾಸ್ತರ ಹೊಟ್ಟಿ ಬ್ಯಾಳಿ ಚೀಲ ಇದ್ದಂಗ ಅದ ನೋಡ್ರಿ!"

ತರಗತಿ ಬಿದ್ದು ಬಿದ್ದು ನಕ್ಕಿತು. ಗಂಟೆ ಹೊಡೆದ ಮೇಲೆ ಅಕ್ಕೋರು ನೇರವಾಗಿ ಅಡುಗೆಕೋಣೆಗೆ ಬಂದರು. ನನ್ನ ಕೆಲಸ ಹೋಯಿತು ಎಂದುಕೊಂಡು ಸೆರಗು ಸರಿಮಾಡಿಕೊಂಡು ನಿಂತೆ.

"ಹೊಟ್ಟಿ ಉಪಮೇಯ," ಅಕ್ಕೋರು ಬೆರಳು ಮಡಚತೊಡಗಿದರು. "ಚೀಲ ಉಪಮಾನ. 'ಇದ್ದಂಗ' ಅನ್ನೂದು ವಾಚಕ. ಮೂರು ಬಂದ್ವು. ನಾಲ್ಕನೇದು ಎಲ್ಲಿ? ಹೊಟ್ಟಿಗೂ ಚೀಲಕ್ಕೂ ಕೂಡಿ ಬರೂ ಗುಣ ಯಾವುದು ಅಂತ ಹೇಳಲೇ ಇಲ್ಲಲಾ ನೀ? ನಾಲ್ಕೂ ಇದ್ರ ಪೂರ್ಣೋಪಮೆ. ಒಂದು ಬಿಟ್ರೂ ಲುಪ್ತೋಪಮೆ."

"ಎರಡೂ ಮುಂದ ಜೋತು ಬಿದ್ದಾವ್ರೀ," ಎಂದೆ.

"ಹಾಂ. ಈಗ ಪೂರ್ಣ ಆತು."

ಗಂಭೀರವಾಗಿ ತಲೆಯಾಡಿಸಿ ಹೊರಗೆ ಹೋದರು. ಬಾಗಿಲು ದಾಟಿದ ಮೇಲೆ ಗೋಡೆಗೆ ಒರಗಿ ನಿಂತದ್ದು ನನಗೆ ಕಂಡಿತು. ನಗುವ ಸದ್ದಿಲ್ಲ, ಭುಜ ಮಾತ್ರ ಕುಣಿಯುತ್ತಿತ್ತು.

ಅಕ್ಕೋರು ಮಾನ್ವಿಯವರು. ಮನೆತನಕ್ಕೆ ಗುಡಿಯ ಪೂಜೆ. ರಾಯಚೂರಿನಲ್ಲಿ ಒಂದು ಕೋಣೆ ಹಿಡಿದು, ದಿನಾ ಬೆಳಿಗ್ಗೆ ಗಬ್ಬೂರು ಬಸ್ಸಿಗೆ ಬರುತ್ತಿದ್ದರು. ಕುಳ್ಳಗೆ, ತೆಳ್ಳಗೆ, ಇಸ್ತ್ರಿ ಮಾಡಿದ ನೂಲಿನ ಸೀರೆ, ಗಡಿಯಾರದ ಮುಖ ಮಣಿಕಟ್ಟಿನ ಒಳಗಡೆಗೆ. ಮಳೆ ಕಾಣದ ನಮ್ಮ ಊರಿನಲ್ಲಿ ವರ್ಷದ ಹನ್ನೆರಡು ತಿಂಗಳೂ ಕೈಯಲ್ಲಿ ಕೊಡೆ. ಮದುವೆಯಾಗಿರಲಿಲ್ಲ. ಯಾಕೆ ಎಂದು ಕೇಳುವ ಧೈರ್ಯ ಮಾಸ್ತರುಗಳಿಗೆ ಯಾರಿಗೂ ಇರಲಿಲ್ಲ. ನಾನು ಕೇಳಿದೆ.

"ಪ್ರಾಸ ಕೂಡಲಿಲ್ಲ ದ್ಯಾವಮ್ಮ," ಎಂದರು, ಅಷ್ಟೇ.

ಅವರಿಗೆ ಎಲ್ಲದರಲ್ಲೂ ಲಘು ಗುರು ಕೇಳುತ್ತಿತ್ತು. ಲಘು ಎಂದರೆ ಸಣ್ಣ ಅಕ್ಷರ, ಒಂದು ಮಾತ್ರೆ. ಗುರು ಎಂದರೆ ಎಳೆದು ಅಥವಾ ಒತ್ತಿ ಹೇಳುವ ಅಕ್ಷರ, ಎರಡು ಮಾತ್ರೆ. ರಸ್ತೆಯ ಗುಂಡಿಗೆ ಬಿದ್ದು ಏಳುವಾಗ ಬಸ್ಸು ಮೂರು ನಾಲ್ಕು, ಮೂರು ನಾಲ್ಕು ಎಂದು ಭಾಮಿನಿ ಷಟ್ಪದಿಯಲ್ಲಿ ಕುಣಿಯುತ್ತದೆ ಎನ್ನುತ್ತಿದ್ದರು. ಹಾಜರಿ ಕರೆದಾಗ ಅವರ ತರಗತಿಯಲ್ಲಿ ಯಾರೂ ಬಾಯಿಂದ ಉತ್ತರ ಕೊಡುವಂತಿರಲಿಲ್ಲ. ತಮ್ಮ ಹೆಸರನ್ನು ಬೆಂಚಿನ ಮೇಲೆ ಬಡಿಯಬೇಕು. ಶಾಂತಾ ಎರಡು ಸಲ ಜೋರಾಗಿ ಗುದ್ದುವಳು. ಕಮಲ ಬೆರಳ ತುದಿಯಲ್ಲಿ ಮೂರು ಸಲ ಮೆಲ್ಲಗೆ. ಮೊದಲ ದಿನ ಒಳಗೆ ಹೊಡೆದಾಟ ನಡೆದಿದೆ ಎಂದು ಹೆಡ್‌ಮಾಸ್ತರರು ಬೆತ್ತ ಹಿಡಿದು ಓಡಿಬಂದಿದ್ದರು. ನಾನೂ ಬಿಡಲಿಲ್ಲ. ಎಲ್ಲರದೂ ಮುಗಿದ ಮೇಲೆ ಈ ಕಡೆಯಿಂದ ಗೋಡೆಗೆ ಸೌಟಿನಿಂದ ದ್ಯಾ-ವಮ್-ಮ ಎಂದು ಬಡಿಯುತ್ತಿದ್ದೆ: ಎರಡು ಭಾರ, ಒಂದು ಹಗುರ.

"ಹಾಜರ್," ಎಂದು ಅಕ್ಕೋರು ಆ ಕಡೆಯಿಂದ ಅನ್ನುವರು.

ಒಂದು ವರ್ಷ ರಗಳೆಯ ಪಾಠ ನಡೆದಿತ್ತು. ಮಂದಾನಿಲ ರಗಳೆ ಎಂದರೆ ಸಾಲಿಗೆ ನಾಲ್ಕು ತುಂಡು, ತುಂಡಿಗೆ ನಾಲ್ಕು ಮಾತ್ರೆ, ಎರಡೆರಡು ಸಾಲಿಗೆ ಪ್ರಾಸ. ನೀವೇ ಕಟ್ಟಿಕೊಂಡು ಬನ್ನಿ ಎಂದು ಹುಡುಗಿಯರಿಗೆ ಹೇಳಿದರು. ಮರುದಿನ ನಾನು ಬೇಳೆ ಕುದಿಸುತ್ತಿರುವಾಗ ಗೋಡೆಯ ಆ ಕಡೆ ನಲವತ್ತು ಕೊರಳು ಒಟ್ಟಿಗೆ ಎದ್ದವು:

ಬಿಸಿಲಿನ ಊರಲಿ ಬಿಸಿಬಿಸಿ ಸಾರಿದು
ಹಸಿದರೆ ಪಾಯಸ, ಉಂಡರೆ ನೀರಿದು

ನನ್ನ ಸಾರಿನ ಮೇಲೆ! ಸಿಟ್ಟಿನಿಂದ ಸೌಟು ಎತ್ತಿಕೊಂಡೇ ತರಗತಿಗೆ ನುಗ್ಗಿದೆ.

"ಅಕ್ಕೋರೆ, ಇದೇನ್ರೀ ಇದು? ನಿಮ್ಮ ಹುಡಿಗೇರು ಹಿಂಗ ಅನಬಹುದೇನ್ರೀ?"

"ಮಾತ್ರೆ ಎಲ್ಲಾ ಸರಿ ಅದಾವ," ಅಕ್ಕೋರು ಕರಿಹಲಗೆ ನೋಡುತ್ತಾ ಹೇಳಿದರು. "ಪ್ರಾಸನೂ ಸರಿ ಅದ. ಅರ್ಥ ಸರಿ ಅದನೋ ಇಲ್ಲೋ, ಸಾರು ಕುಡೀದ ಹೆಂಗ ಹೇಳಲಿ?"

ಅಲ್ಲಿಯವರೆಗೆ ಅವರು ಮಧ್ಯಾಹ್ನಕ್ಕೆ ತಮ್ಮದೇ ಡಬ್ಬಿ ತರುತ್ತಿದ್ದರು. ಅವತ್ತು ಹುಡುಗಿಯರ ಸಾಲಿನಲ್ಲಿ ತಟ್ಟೆ ಹಿಡಿದು ಕೂತರು. ಪೂಜೆಯ ಮನೆತನದವರು, ಕೇರಿಯವಳಾದ ನನ್ನ ಕೈಯ ಅಡುಗೆ. ಮಾಸ್ತರುಗಳು ಒಬ್ಬರ ಮುಖ ಒಬ್ಬರು ನೋಡಿದರು. ಅಕ್ಕೋರು ಯಾರ ಮುಖವನ್ನೂ ನೋಡದೆ ಉಂಡು, ಇನ್ನೊಂದು ಸೌಟು ಹಾಕಿಸಿಕೊಂಡರು.

"ಸ್ವಲ್ಪ ನೀರಾಗೇದ," ಎಂದರು. "ಆದ್ರ ನಿನಗೂ ಬಾಯಿ ಅದಲಾ? ನೀನೂ ಪದ್ಯದಾಗ ಉತ್ತರ ಕೊಡು."

ಎರಡು ದಿನ ಅಕ್ಕಿ ಆರಿಸುತ್ತಾ ಬೆರಳು ಮಡಚಿದೆ, ಬಿಚ್ಚಿದೆ. ಮೂರನೇ ದಿನ ಕಿಟಕಿಯಲ್ಲಿ ನಿಂತು ಹೇಳಿದೆ:

ತಟ್ಟೆಯ ನೆಕ್ಕಿದ ನಾಲಗೆ ನಿಮ್ಮದು
ಬಟ್ಟಲ ತುಂಬಿಸಿ ನಗುವುದು ನಮ್ಮದು

ಅಕ್ಕೋರು ಅದನ್ನು ಕರಿಹಲಗೆಯ ಮೇಲೆ ಬರೆದರು. ಅಕ್ಷರದ ನೆತ್ತಿಯ ಮೇಲೆ ಒಂದೊಂದೇ ಗುರುತು ಹಾಕಿ, ಎಲ್ಲೂ ತಪ್ಪು ಸಿಗದೆ, ಸುಣ್ಣದ ಕಡ್ಡಿ ಕೆಳಗಿಟ್ಟರು. ನಾಲ್ಕನೇ ಇಯತ್ತೆಯವಳ ಪದ್ಯ ಹತ್ತನೇ ತರಗತಿಯ ಹಲಗೆಯ ಮೇಲೆ! ಆವತ್ತು ನನ್ನ ಸಾರಿಗೆ ಉಪ್ಪು ಎರಡು ಸಲ ಬಿತ್ತು. ಅಂದಿನಿಂದ ಅಕ್ಕೋರು ಡಬ್ಬಿ ತರುವುದನ್ನು ಬಿಟ್ಟರು.

ಅವರು ನಿವೃತ್ತರಾದ ದಿನ ಗಾಜಿನ ಕಟ್ಟು ಹಾಕಿಸಿದ ಅಭಿನಂದನಾ ಪತ್ರವನ್ನು ಹೆಡ್‌ಮಾಸ್ತರರೇ ಓದಿದರು. 'ಜ್ಞಾನದ ಪೂರ್ಣಚಂದ್ರರೇ' ಎಂದು ಶುರು, 'ನಿಮ್ಮ ಮುಖಕಮಲ' ಎಂದು ಮುಂದುವರಿಕೆ. ಹಾರ ಹಾಕಿಕೊಂಡು ಕೂತ ಅಕ್ಕೋರು ನನ್ನ ಕಡೆ ಬಾಗಿ, "ರಜಾ ರದ್ದು ಮಾಡ್ಯಾರ ದ್ಯಾವಮ್ಮ," ಎಂದು ಪಿಸುಗುಟ್ಟಿದರು.

ಆಮೇಲೆ ಮಾನ್ವಿಗೆ ಹೋದರು. ಮರುವರ್ಷ ನಾನೂ ಒಲೆ ಬಿಟ್ಟೆ. ಹಬ್ಬಕ್ಕೊಮ್ಮೆ ಫೋನಿನಲ್ಲಿ ಮಾತಾಡುತ್ತಿದ್ದೆವು.

ಹೋದ ವರ್ಷ ಅವರ ಅಣ್ಣನ ಮಗಳು ಫೋನ್ ಮಾಡಿದಳು. ಅಕ್ಕೋರಿಗೆ ಲಕ್ವಾ ಹೊಡೆದಿತ್ತು. ಬಲಗೈ ಏಳುತ್ತಿಲ್ಲ, ಕಾಲು ಎಳೆಯುತ್ತದೆ, ಅದೆಲ್ಲ ಸರಿಯಾಗಬಹುದು. ಆದರೆ ಮಾತು ಹೋಗಿದೆ.

ಎರಡು ಬಸ್ಸು ಬದಲಿಸಿ ಮಾನ್ವಿಗೆ ಹೋದೆ. ಪಡಸಾಲೆಯ ಮಂಚದ ಮೇಲೆ ದಿಂಬಿಗೆ ಒರಗಿದ್ದರು. ನನ್ನನ್ನು ನೋಡಿದ ಕೂಡಲೇ ಬಾಯಿ ತೆರೆದರು. ಏನೂ ಬರಲಿಲ್ಲ. ಮತ್ತೆ ತೆರೆದರು. ಕಣ್ಣು ತುಂಬಿತು. ಆಗ ಎಡಗೈ ಎತ್ತಿ ಮಂಚದ ಅಂಚಿಗೆ ಬಡಿದರು: ಎರಡು ಭಾರ, ಒಂದು ಹಗುರ.

"ಹಾಜರ್ ರೀ ಅಕ್ಕೋರೆ," ಎಂದೆ. ಹೊರಗೆ ಹೋಗಿ ಅತ್ತು ಬಂದೆ.

ಅಣ್ಣನ ಮಗಳು ಒಳ್ಳೆಯ ಹುಡುಗಿ. ಅತ್ತೆಗೆ ಏನು ಮಾಡಿದರೂ ಕಡಿಮೆ ಎನ್ನುವವಳು. ಡಾಕ್ಟರು ಹೇಳಿದ್ದನ್ನು ನನಗೂ ವಿವರಿಸಿದಳು. ಅಕ್ಕೋರಿಗೆ ಎಲ್ಲ ತಿಳಿಯುತ್ತದೆ, ಆದರೆ ಹೆಸರುಗಳು ಸಿಗುವುದಿಲ್ಲ. ತಾವೇ ಹುಡುಕಿ ಹುಡುಕಿ ಹೇಳಲು ಹೋದರೆ ಮಾತು ಮರಳಿ ಬಂದೀತು. ಪ್ರಯತ್ನ ಬಿಟ್ಟರೆ ಕಷ್ಟ. ಅಕ್ಕೋರು ಪ್ರಯತ್ನ ಬಿಟ್ಟಿದ್ದರು.

ಯಾಕೆ ಬಿಟ್ಟರು ಎಂಬುದು ನನಗೆ ಆ ಮಧ್ಯಾಹ್ನವೇ ಗೊತ್ತಾಯಿತು. ಹುಡುಗಿ ಅಂಗನವಾಡಿಯಲ್ಲಿ ತೂಗುಹಾಕುವಂಥ ಬಣ್ಣದ ಚಿತ್ರಪಟ ತಂದಿದ್ದಳು.

"ಅತ್ತಿ, ಇದೇನು ಹೇಳ್ರಿ? ಆ... ಆ... ಆಕಳು! ಅನ್ರಿ, ಆಕಳು."

ಮೂವತ್ತು ವರ್ಷ ಕನ್ನಡ ಕಲಿಸಿದವರು ಗೋಡೆಯ ಕಡೆ ಮುಖ ತಿರುಗಿಸಿದರು.

ಪ್ರತಿ ಮಂಗಳವಾರ ಹೋಗತೊಡಗಿದೆ. ಉಪಕಾರಕ್ಕೆ ಬದಲು ನಾನೂ ಅಪಕಾರವನ್ನೇ ಮಾಡಿದೆ. ಅವರ ತುಟಿ ಅಲುಗಿದರೆ ಸಾಕು, "ನೀರು ಬೇಕೇನ್ರಿ? ದಿಂಬು ಸರಸ್ಲ್ಯಾ? ಕಿಡಕಿ ಹಾಕ್ಲ್ಯಾ?" ಎಂದು ಮೂರು ಪದ ಅವರ ಬಾಯಿಗೆ ತುರುಕುತ್ತಿದ್ದೆ. ಅವರು ಯಾವುದೋ ಒಂದಕ್ಕೆ ತಲೆಯಾಡಿಸಿ ಸುಮ್ಮನಾಗುವರು. ಬಂದವರೆಲ್ಲ ಹಾಗೇ. ಎಲ್ಲರೂ ಪ್ರೀತಿಯಿಂದಲೇ ಅವರ ಮಾತು ಕಸಿದುಕೊಳ್ಳುತ್ತಿದ್ದೆವು. ಎರಡು ತಿಂಗಳಲ್ಲಿ ಅವರು ತುಟಿ ಅಲುಗಿಸುವುದನ್ನೂ ಕಡಿಮೆ ಮಾಡಿದರು.

ಒಂದು ಮಂಗಳವಾರ ಹುಡುಗಿಗೆ ಜ್ವರ. ರೊಟ್ಟಿ ನಾನು ಬಡಿಯುತ್ತೇನೆ ಎಂದು ಒಳಗೆ ಹೋದೆ. ಆ ಅಡುಗೆಮನೆಯೊಳಗೆ ನಮ್ಮ ಮಂದಿ ಕಾಲಿಟ್ಟದ್ದು ಅದೇ ಮೊದಲಿರಬೇಕು. ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಮರದ ಕೊಮ್ಮೆಯಲ್ಲಿ ಜೋಳದ ಹಿಟ್ಟು ನಾದಿ ಬಡಿಯಲು ಶುರುಮಾಡಿದೆ. ರೊಟ್ಟಿ ಬಡಿಯುವಾಗ ಕೈಯ ಜೊತೆ ಬಾಯಿಯೂ ಆಡಬೇಕು ನನಗೆ. ಹೋದ ಸಲ ಅಣ್ಣನ ಮಗಳಿಗೆ ಹೇಳಿ ನಗಿಸಿದ್ದ ಆ ಶಾಲೆಯ ಹುಡುಗಿಯರ ಪದ್ಯ ನೆನಪಾಯಿತು. ಅಂಗೈ ತಾಳ ಹಾಕಿತು, ನಾನು ಹೇಳಿದೆ:

"ಬಿಸಿಲಿನ ಊರಲಿ ಬಿಸಿ ಸಾರಿದು..."

ಬೇಕೆಂದೇ ತಪ್ಪಿದೆ ಎಂದು ಜಂಬ ಕೊಚ್ಚಿಕೊಳ್ಳಲು ಆಸೆಯಿದೆ. ನಿಜವಾಗಿಯೂ ಮರೆತಿದ್ದೆ. ಕೈ ಮುಂದೆ ಹೋಯಿತು, ಬಾಯಿ ಹಿಂದೆ ಉಳಿಯಿತು, ರೊಟ್ಟಿಯ ಅಂಚು ಹರಿಯಿತು. ಅಷ್ಟರಲ್ಲಿ ಪಡಸಾಲೆಯಿಂದ ಒಂದು ಕೂಗು.

"ತಪ್ಪು!"

ಹಿಟ್ಟಿನ ಕೈಯಲ್ಲೇ ಓಡಿದೆ. ಜ್ವರದ ಹುಡುಗಿಯೂ ಕಂಬಳಿ ಎಳೆದುಕೊಂಡು ಓಡಿಬಂದಳು.

"ಅತ್ತಿ! ಏನಂದ್ರಿ? ಏನು ತಪ್ಪಾತು? ರೊಟ್ಟಿ ಬ್ಯಾಡೇನು? ಕೈ ನೋವಾಗಾಕತ್ತದೇನು?"

ನನ್ನ ಹಿಟ್ಟಿನ ಅಂಗೈಯನ್ನು ಆಕೆಯ ಬಾಯಿಗೆ ಒತ್ತಿಬಿಟ್ಟೆ. ಪಾಪ, ಮೂಗಿಗೂ ಮೆತ್ತಿತು.

ಅಕ್ಕೋರ ಎಡಗೈ ಮಂಚದ ಅಂಚಿನ ಮೇಲೆ ಓಡುತ್ತಿತ್ತು. ನಾಲ್ಕು. ನಾಲ್ಕು. ಅಲ್ಲಿ ನಿಂತಿತು. ಹಣೆ ಗಂಟಿಕ್ಕಿತು.

"ಬಿಸಿ," ಎಂದರು. ಬೆರಳು ಮತ್ತೆ ಬಡಿಯಿತು. "ಬಿಸಿ."

ಹುಡುಗಿ ನನ್ನ ಕೈಯೊಳಗೇ ಏನೋ ಹೇಳಲು ಒದ್ದಾಡಿದಳು. ನಾನು ಬಿಡಲಿಲ್ಲ.

"ಬಿಸಿಬಿಸಿ... ಸಾ... ರಿದು."

ಒಳಗೆ ಹೆಂಚಿನ ಮೇಲಿದ್ದ ರೊಟ್ಟಿ ಸೀಯುತ್ತಿತ್ತು. ಮನೆಯೆಲ್ಲ ಹೊಗೆ. ನಾವು ಮೂವರೂ ಕದಲಲಿಲ್ಲ.

"ಹಸಿದರೆ," ಎಂದರು ಅಕ್ಕೋರು. ಮುಂದಿನ ಪದ ಬರಲಿಲ್ಲ. ಬೆರಳು ನಾಲ್ಕು ಸಲ ಬಡಿಯಿತು, ಖಾಲಿ. ಇನ್ನೊಮ್ಮೆ, ಖಾಲಿ. ಅವರ ಕುತ್ತಿಗೆಯ ನರ ಉಬ್ಬಿತು. 'ಪಾಯಸ' ನನ್ನ ಹಲ್ಲಿನ ತನಕ ಬಂದು ನಿಂತಿತ್ತು. ಹೇಳಿಬಿಟ್ಟಿದ್ದರೆ ಎಲ್ಲರಿಗೂ ಸುಖ. ನಾಲಗೆ ಕಚ್ಚಿಕೊಂಡೆ. ನನ್ನ ಜನ್ಮದಲ್ಲಿ ಅಷ್ಟು ಹೊತ್ತು ಬಾಯಿ ಮುಚ್ಚಿಕೊಂಡಿದ್ದು ಇಲ್ಲ.

"ಹಸಿದರೆ... ಹೋ... ಳಿಗೆ," ಎಂದರು. "ಉಂಡರೆ ನೀರಿದು."

ಹುಡುಗಿ ನನ್ನ ಕೈ ಕಿತ್ತೆಸೆದಳು. "ಹೋಳಿಗಿ ಅದೇನು ಅದರಾಗ? ಅಜ್ಜಿ, ನೀವು ಪಾಯಸ ಅಂದಿದ್ರೆಲಾ ಹ್ವಾದ ಸಲ?"

ನಾನು ಬೆರಳು ಮಡಚಿ ನೋಡಿದೆ. ಹೋ ಎರಡು, ಳಿ ಒಂದು, ಗೆ ಒಂದು. ನಾಲ್ಕು! ಪಾಯಸ ಸಿಗದಿದ್ದಾಗ ಆ ಹೆಂಗಸು ಅದೇ ತೂಕದ ಹೋಳಿಗೆ ಹುಡುಕಿಕೊಂಡು ಬಂದಿದ್ದರು. ಹೆಸರು ಕಳೆದಿದ್ದವು. ಪದ್ಯ ಕಳೆದಿರಲಿಲ್ಲ. ಪದ್ಯ ಎಲ್ಲಿದೆಯೋ ಅಲ್ಲಿ ಅಕ್ಕೋರೂ ಇದ್ದರು.

"ಅಲ್ರೀ ಅಕ್ಕೋರೆ," ಎಂದೆ, "ಹೋಳಿಗಿ ಉಂಡ್ರ ನೀರಾಗತದೇನ್ರಿ?"

ಅವರ ಭುಜ ಕುಣಿಯತೊಡಗಿತು.

ಚಿತ್ರಪಟ ಅಟ್ಟ ಸೇರಿತು. ಹುಡುಗಿಗೂ ನನಗೂ ಒಪ್ಪಂದವಾಯಿತು: ಯಾರೂ ಪದ ಕೊಡಬಾರದು, ಎಷ್ಟು ಹೊತ್ತಾದರೂ. ಅಕ್ಕೋರು ಹುಡುಕತೊಡಗಿದರು. ಹೆಸರು ಸಿಗದಿದ್ದರೆ ಬೇರೆ ದಾರಿಯಲ್ಲಿ ಬರುತ್ತಿದ್ದರು. ಕಸಬರಿಗೆಗೆ 'ಅಂಗಳದ ಹಣಿಗಿ', ಅಂದರೆ ಬಾಚಣಿಗೆ, ಎಂದರು. ಕೊಡೆ ತೋರಿಸಿ 'ಕೈಯಾಗಿನ ಮಾಳಿಗಿ' ಎಂದರು. ಟಿಕ್ ಟಿಕ್ ಎನ್ನುವ ಗಡಿಯಾರ 'ಗ್ವಾಡಿ ಎದಿ'.

"ಹೆಸರೇ ಬರವಲ್ದು ನೋಡಬೇ ಅಜ್ಜಿ," ಎಂದು ಹುಡುಗಿ ಚಡಪಡಿಸಿದಳು.

"ಹುಚ್ಚಿ, ರೂಪಕ ಬರಾಕತ್ತಾವ. 'ಇದ್ದಂಗ' ಅನ್ನೂದನ್ನ ಸೈತ ಬಿಟ್ಟು ನೇರ ಬರಾಕತ್ತಾರ. ನಮಗ್ಯಾರಿಗರ ಬರ್ತದೇನು ಹಂಗ?"

ನಾನು ಫೋನಿನಲ್ಲಿ ಟೈಪ್ ಮಾಡುವುದನ್ನು ಕಲಿತದ್ದೂ ಇದಕ್ಕೇ. ಮೊಮ್ಮಗಳು ಕಲಿಸಿದಳು, ಬೈಯುತ್ತಾ. ದಿನಾ ಬೆಳಿಗ್ಗೆ ಅಕ್ಕೋರಿಗೆ ಒಂದು ಸಾಲು ಕಳಿಸುತ್ತೇನೆ, ನಡುವೆ ನಾಲ್ಕು ಮಾತ್ರೆಯ ಜಾಗ ಖಾಲಿ ಬಿಟ್ಟು. ಅವರು ಅದನ್ನು ತುಂಬಿ ದನಿಯಲ್ಲಿ ಕಳಿಸುತ್ತಾರೆ. ನಾನು ಒಂದು ಸಾಲು ಒತ್ತುವಷ್ಟರಲ್ಲಿ ನನ್ನ ಚಹಾ ಆರುತ್ತದೆ. ಅವರು ಒಂದು ಪದ ಹೇಳುವಷ್ಟರಲ್ಲಿ ಅವರ ಚಹಾ ಆರುತ್ತದೆ.

ಈಗ ವಸ್ತುಗಳ ಹೆಸರು ಅರ್ಧಕ್ಕರ್ಧ ಮರಳಿವೆ. ಊರಿನ, ಮನುಷ್ಯರ ಹೆಸರು ಮಾತ್ರ ಹಟ ಹಿಡಿದಿವೆ. ಮಾತಿನ ತರಬೇತಿಗೆಂದು ಹದಿನೈದು ದಿನಕ್ಕೊಮ್ಮೆ ರಾಯಚೂರಿಗೆ ಹೋಗಬೇಕು. ಹುಡುಗಿಯೇ ಕರೆದೊಯ್ಯುತ್ತಿದ್ದಳು, ಆಕೆಯೇ ಟಿಕೆಟ್ ಕೇಳುತ್ತಿದ್ದಳು. ಹೋದ ಸಲ ಅಕ್ಕೋರು ಎದೆ ಮುಟ್ಟಿಕೊಂಡು, "ನಾ ಕೇಳ್ತೀನಿ," ಎಂದರಂತೆ. ಕಂಡಕ್ಟರ್ ಎದುರು ನಿಂತಾಗ ಊರಿನ ಹೆಸರು ಬಾರದೆ, ಅವನು ಕಾಯದೆ ಮುಂದೆ ಹೋಗಿ, ಮನೆಗೆ ಬಂದವರು ಎರಡು ದಿನ ಯಾರ ಜೊತೆಗೂ ಮಾತಾಡಲಿಲ್ಲವಂತೆ. ನನಗೆ ಆ ಎರಡು ದಿನವೂ ದನಿ ಬರಲಿಲ್ಲ. ಮತ್ತೆ ಎಲ್ಲವನ್ನೂ ಬಿಟ್ಟುಬಿಟ್ಟರೋ ಎಂದು ಜೀವ ಹಾರಿತು.

ಈ ಸಲ ನಾನು ಜೊತೆಗೆ ಹೋಗುತ್ತೇನೆ ಎಂದೆ. ಹನ್ನೆರಡು ದಿನ ತಾಲೀಮು ನಡೆಯಿತು. ರಾಯ, ಮೂರು. ಚೂರು, ಮೂರು. ಫೋನಿನಲ್ಲಿ ಬೆಳಿಗ್ಗೆ ಸಂಜೆ ಅದೇ.

ಮಾನ್ವಿ ಬಸ್‌ಸ್ಟ್ಯಾಂಡಿನಲ್ಲಿ ಹತ್ತಿದೆವು. ಅಕ್ಕೋರು ಓಡಾಡುವ ದಾರಿಯ ಕಡೆ, ನಾನು ಕಿಟಕಿಯ ಕಡೆ. ಬಸ್ಸು ತುಂಬಿತ್ತು. ಕಂಡಕ್ಟರ್ ಹುಡುಗಾಟದ ವಯಸ್ಸಿನವನು, ಬೆವರಿಳಿಸುತ್ತಾ ಬಂದು ನನ್ನನ್ನೇ ನೋಡಿ ಕೇಳಿದ.

"ಎಲ್ಲಿಗ್ರೀ ಯವ್ವಾ?"

ನಾನು ಕಿವುಡಿಯ ಹಾಗೆ ಕಿಟಕಿಯ ಹೊರಗೆ ನೋಡಿದೆ. ಹತ್ತಿ ಹೇರಿದ ಲಾರಿಯೊಂದು ಹ್ವಾಂಯ್ ಎಂದು ಹೋಯಿತು.

"ನಿಮಗ ರೀ. ಎಲ್ಲಿಗೆ ಅಂದೆ."

ಅಕ್ಕೋರ ಎಡಗೈ ಮುಂದಿನ ಸೀಟಿನ ಕಂಬಿ ಹಿಡಿದಿತ್ತು. ಬೆರಳು ಬಡಿಯಿತು.

"ರಾಯ... ಚೂರು."

ಬಂತು! ನನಗೆ ಎದ್ದು ಕುಣಿಯಬೇಕೆನಿಸಿತು. ಕಂಡಕ್ಟರ್‌ಗೆ ಏನೂ ಅನಿಸಲಿಲ್ಲ.

"ಎಷ್ಟು ಮಂದಿ?"

ಇದನ್ನು ನಾವು ಕಲಿತಿರಲಿಲ್ಲ. ಹನ್ನೆರಡು ದಿನದ ತಾಲೀಮಿನಲ್ಲಿ ಇವನು ಎರಡನೇ ಪ್ರಶ್ನೆ ಕೇಳುತ್ತಾನೆಂದು ಇಬ್ಬರಿಗೂ ಹೊಳೆದಿರಲಿಲ್ಲ. ಅಕ್ಕೋರು ಗಾಬರಿಯಿಂದ ನನ್ನ ಕಡೆ ತಿರುಗಿದರು. ನಾನು ಸೆರಗಿನ ಚುಂಗನ್ನು ಬಾಯಿಗೆ ತುರುಕಿಕೊಂಡೆ.

"ಲಗೂ ಹೇಳ್ರೆವಾ, ಹಿಂದ ಇನ್ನೂ ಮಂದಿ ಅದಾರ."

"ನಾನು," ಎಂದರು ಅಕ್ಕೋರು. ನಿಂತರು. ನನ್ನ ಮುಖವನ್ನೇ ನೋಡಿದರು, ನನ್ನ ಹೆಸರು ಅಲ್ಲೆಲ್ಲೋ ಬರೆದಿರುವ ಹಾಗೆ. ತುಟಿ ಒಂದು ಆಕಾರಕ್ಕೆ ಬಂತು, ಬಿಟ್ಟಿತು. ಇನ್ನೊಂದು ಆಕಾರಕ್ಕೆ ಬಂತು, ಬಿಟ್ಟಿತು. ಕಂಡಕ್ಟರ್ ಹಿಂದಿನ ಸೀಟಿನ ಕಡೆ ಕಾಲು ಎತ್ತಿದ.

ಅಕ್ಕೋರು ಎಡಗೈಯಿಂದ ಅವನ ತೋಳು ಹಿಡಿದು ನಿಲ್ಲಿಸಿದರು.

"ನಾನು. ಮತ್ತ ಈ ಬಾಯಿಬಡಕಿ."

ಸುತ್ತಲಿನ ಹೆಂಗಸರು ಗೊಳ್ಳೆಂದರು. ಕಂಡಕ್ಟರ್ ಸೆರಗು ಕಚ್ಚಿಕೊಂಡು ಕೂತಿದ್ದ ನನ್ನನ್ನು ಮೇಲಿಂದ ಕೆಳಗೆ ನೋಡಿದ.

"ಇವರಾ? ಇವರು ಮೂಕರು ಅಂತ ತಿಳಕೊಂಡಿದ್ನೆಲ್ರೀ ನಾ," ಎಂದವನೇ, ಎರಡೂ ಟಿಕೆಟ್ ಹರಿದು ಅಕ್ಕೋರ ಕೈಗೆ ಕೊಟ್ಟ.